ಒಳಗೈ, ಹೊರಗೈ

"ಮಿಸ್, ಬಾಡಿ ಅಂಡ್ ಸೋಲ್ ಬಗ್ಗೆ ಹತ್ತು ಮಾರ್ಕಿಗೆ ಏನು ಬರೀಬೇಕು?"

ಕೋಲಾರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಐಚ್ಛಿಕ ಇಂಗ್ಲಿಷ್ ತಗೊಂಡವರು ಹನ್ನೊಂದು ಜನ. ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬಸ್ಸಲ್ಲಿ ಬರುವ ಮಕ್ಕಳು. ಪ್ರಶ್ನೆ ಕೇಳಿದ ಹುಡುಗಿಯ ಕೈಯಲ್ಲಿ ಗೈಡ್ ಇತ್ತು. ಅದರಲ್ಲಿ ಎರಡು ಕಾಲಂ. ಎಡಕ್ಕೆ ದೇಹ: ಆಸೆ, ಪಾಪ, ಸಾವು. ಬಲಕ್ಕೆ ಆತ್ಮ: ನಂಬಿಕೆ, ಪುಣ್ಯ, ಸ್ವರ್ಗ. ವಿಕ್ಟೋರಿಯನ್ ಕವಿಗಳು, ಅಂದರೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ಕವಿಗಳು, ಎಡದಿಂದ ಬಲಕ್ಕೆ ಸಾಗಿದರು ಅಂತ ಕೊನೆಗೊಂದು ಸಾಲು. ಏನೋ ಕೋಲಾರ ಬಿಟ್ಟು ಬೆಂಗಳೂರು ಸೇರಿದ ಹಾಗೆ.

ಅದನ್ನೇ ಬರಿಯಮ್ಮ ಅಂದಿದ್ದರೆ ಮಾರ್ಕು ಬರುತ್ತಿತ್ತು. ಆದರೆ ಅವತ್ತಿನ ಪಾಠ ಆ ಕಾಲದ ಕವಿ ಬ್ರೌನಿಂಗ್‌ನ 'ರಬ್ಬಿ ಬೆನ್ ಎಜ್ರಾ'. ಅದರಲ್ಲಿ ಕುಂಬಾರನ ತಿಗರಿ ಬರುತ್ತದೆ. ತಿಗರಿ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲ್ಲ. ನಮ್ಮದು ಕುಂಬಾರರ ಮನೆ.

ಮುಳಬಾಗಿಲು ಹತ್ತಿರದ ಹಳ್ಳಿ. ನಮ್ಮ ತಾತ ಕೆರೆ ಮಣ್ಣು ತಂದು, ಕಲ್ಲು ಆರಿಸಿ, ಕಾಲಲ್ಲಿ ತುಳಿದು ಹದ ಮಾಡುತ್ತಿದ್ದರು. ಕೋಲು ಹಾಕಿ ತಿಗರಿ ತಿರುಗಿಸಿದರೆ ಮಡಕೆ ಎದ್ದು ನಿಲ್ಲುತ್ತಿತ್ತು. ಟಿವಿಯಲ್ಲಿ ತೋರಿಸುವುದು ಅಷ್ಟೇ. ಅಲ್ಲಿಗೆ ಮಡಕೆ ಆಯಿತು ಅಂತ ಜನ ಅಂದುಕೊಳ್ಳುತ್ತಾರೆ. ಆಗಿರಲ್ಲ. ದಾರ ಹಾಕಿ ಕುಯ್ದು ತೆಗೆದಾಗ ಅದಕ್ಕೆ ತಳವೇ ಇರಲ್ಲ. ಬಾಯಿ, ಕುತ್ತಿಗೆ, ದಪ್ಪ ಗೋಡೆ, ಕೆಳಗೆ ತೂತು. ಅದನ್ನು ನೆರಳಲ್ಲಿಟ್ಟು ಅರೆಬರೆ ಒಣಗಿಸಬೇಕು. ಆಮೇಲೆ ತಾತ ಅದನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು. ಎಡಗೈ ಒಳಗೆ, ಅದರಲ್ಲಿ ಉರುಟು ಕಲ್ಲು. ಬಲಗೈ ಹೊರಗೆ, ಅದರಲ್ಲಿ ಮರದ ಹಲಗೆ. ಮಣ್ಣು ಅಂಟದ ಹಾಗೆ ಎರಡಕ್ಕೂ ಬೂದಿ. ಟಪ್ ಟಪ್ ಅಂತ ತಟ್ಟುತ್ತಾ ಮಡಕೆಯನ್ನು ಸುತ್ತಿಸುವುದು. ಗೋಡೆ ತೆಳ್ಳಗಾಗುತ್ತಾ ಹೊಟ್ಟೆ ಉಬ್ಬುತ್ತದೆ. ತೂತು ಸಣ್ಣದಾಗುತ್ತಾ ಬಂದು ಕೊನೆಗೆ ಮುಚ್ಚಿಕೊಳ್ಳುತ್ತದೆ.

"ತಿಗರಿ ಬಾಯಿ ಕೊಡ್ತದೆ ಅಷ್ಟೇ ಕಣಮ್ಮ, ಹೊಟ್ಟೆ ಕೊಡೋದು ಕೈ" ಅನ್ನುತ್ತಿದ್ದರು.

ಈಗ ಇಂಗ್ಲೆಂಡಿನ ಮಡಕೆಗಳ ವಿಷಯ. 1859ರಲ್ಲಿ ಎಡ್ವರ್ಡ್ ಫಿಟ್ಜೆರಾಲ್ಡ್ ಪರ್ಷಿಯನ್ ಕವಿ ಒಮರ್ ಖಯ್ಯಾಮನ ಪದ್ಯಗಳನ್ನು ಇಂಗ್ಲಿಷಿಗೆ ತಂದ. ಪುಸ್ತಕದ ಮೇಲೆ ತನ್ನ ಹೆಸರು ಕೂಡ ಹಾಕಿಕೊಳ್ಳಲಿಲ್ಲ. ಯಾರೂ ಕೊಳ್ಳಲಿಲ್ಲ. ಒಂದು ಪೆನ್ನಿ ಕಾಸಿಗೆ ಒಂದು ಅಂತ ಅಂಗಡಿ ಮುಂದಿನ ಡಬ್ಬಕ್ಕೆ ಬಿತ್ತು. ಅಲ್ಲಿಂದ ಕವಿ ರೊಸೆಟ್ಟಿಯ ಕೈಗೆ ಸಿಕ್ಕಿ ಆಮೇಲೆ ಮನೆಮಾತಾಯಿತು. ಅದನ್ನು 'ಉಮರನ ಒಸಗೆ' ಅಂತ ಕನ್ನಡಕ್ಕೆ ತಂದವರು ಡಿವಿಜಿ. ಅವರು ನಮ್ಮ ಮುಳಬಾಗಿಲಿನವರೇ. ನಮ್ಮೂರಿನವರು ಅಂತ ನಾನು ಪ್ರತಿ ವರ್ಷ ಕ್ಲಾಸಲ್ಲಿ ಒಂದು ಸಲ ಬೀಗುತ್ತೇನೆ.

ಅದರಲ್ಲಿ ಒಂದು ಸಂಜೆ ಕುಂಬಾರನ ಅಂಗಡಿಯಲ್ಲಿ ಮಡಕೆಗಳೇ ಮಾತಾಡುತ್ತವೆ. ಇಷ್ಟು ಚೆನ್ನಾಗಿ ಮಾಡಿದವನು ಮತ್ತೆ ಮಣ್ಣಿಗೇ ತುಳಿದುಹಾಕ್ತಾನಾ ಅಂತ ಒಂದು ಕೇಳುತ್ತದೆ. ಸೊಟ್ಟಗಿರುವ ಇನ್ನೊಂದು, ನನ್ನ ನೋಡಿ ನಗ್ತೀರಲ್ಲ, ಕುಂಬಾರನ ಕೈ ನಡುಗಿತ್ತೇನು ಅನ್ನುತ್ತದೆ. ಮಗದೊಂದಕ್ಕೆ ಇದ್ಯಾವುದೂ ಬೇಡ. ಹಳೇ ರಸ ತುಂಬಿಸಿದರೆ ಸುಧಾರಿಸಿಕೊಂಡೇನು ಅನ್ನುವ ಆಸಾಮಿ ಅದು. ದೇಹ ಅಂದರೆ ಮಣ್ಣು, ಮಣ್ಣು ಮಣ್ಣಿಗೆ, ಇರುವಷ್ಟು ಹೊತ್ತು ಕುಡಿ. ಆತ್ಮದ ಮಾತು ಎತ್ತಿದರೆ ಫಿಟ್ಜೆರಾಲ್ಡ್ ಲೋಟ ಮುಂದೆ ಮಾಡುತ್ತಾನೆ.

ಐದು ವರ್ಷದ ಮೇಲೆ, 1864ರಲ್ಲಿ, ಬ್ರೌನಿಂಗ್‌ನ ಪದ್ಯ ಬಂತು. ಅವನ ಮಡಕೆ ಫಿಟ್ಜೆರಾಲ್ಡ್‌ನ ಮಡಕೆಗೆ ಕೊಟ್ಟ ಉತ್ತರ ಅನ್ನುವವರು ಬಹಳ ಜನ. ನನಗೂ ಹಾಗೇ ಅನ್ನಿಸುತ್ತದೆ. ಇಲ್ಲಿ ಮಾತಾಡುವವನು ಮುದುಕ ರಬ್ಬಿ, ಅಂದರೆ ಯಹೂದಿ ಧರ್ಮಗುರು. ತಿಗರಿ ತಿರುಗುತ್ತೆ ನಿಜ, ಆದರೆ ಕುಂಬಾರನೂ ಮಣ್ಣೂ ಉಳಿಯುತ್ತವೆ ಅನ್ನುತ್ತಾನೆ. ಬಟ್ಟಲಿನ ಬುಡದಲ್ಲಿ ಯೌವನದ ನಗು, ಪ್ರೀತಿಯ ಚಿತ್ತಾರ. ಅಂಚಿಗೆ ಬಂದರೆ ತಲೆಬುರುಡೆಗಳ ಸಾಲು. ಬುಡ ನೋಡಬೇಡ, ಮೇಲೆ ನೋಡು. ದೇವರ ತುಟಿಗೆ ಬಟ್ಟಲಾದವನಿಗೆ ಭೂಮಿಯ ತಿಗರಿ ಯಾಕೆ?

ಇಲ್ಲೇ ನನಗೂ ಬ್ರೌನಿಂಗ್‌ಗೂ ಜಗಳ. ಅವನ ಲೆಕ್ಕದಲ್ಲಿ ಬುಡ ಮೊದಲು, ಬಾಯಿ ಕೊನೆಗೆ. ನಮ್ಮ ಮನೆಯಲ್ಲಿ ಬಾಯಿ ಮೊದಲು, ಬುಡ ಕೊನೆಗೆ. ತಿಗರಿ ಬಿಟ್ಟು ಬಂದ ಮಡಕೆಗೆ ಒಂದು ತೊಟ್ಟು ನೀರೂ ನಿಲ್ಲಲ್ಲ. ದೇಹ ಅನ್ನುವ ತಿಗರಿ ಮುಗಿದ ತಕ್ಷಣ ಆತ್ಮದ ಬಟ್ಟಲು ರೆಡಿ ಅಂದರೆ ಹೇಗೆ? ಹೊಡೆತ ತಿನ್ನೋದು ಬಾಕಿ ಇದೆಯಲ್ಲ!

ತಮಾಷೆ ಏನೆಂದರೆ ಇದೇ ಪದ್ಯದ ಹನ್ನೆರಡನೇ ಚರಣದಲ್ಲಿ ಅವನು ನಮ್ಮ ತಾತನ ಕೆಲಸವನ್ನೇ ಹೇಳಿಬಿಟ್ಟಿದ್ದಾನೆ. ಈ ಮೈ ಅಡ್ಡ ಬಂದರೂ ನಾನು ಗೆದ್ದೆ ಅಂತ ಯಾವಾಗಲೂ ಜಂಭ ಬೇಡ. ಆತ್ಮ ಮೈಗೆ ಎಷ್ಟು ನೆರವೋ ಮೈ ಆತ್ಮಕ್ಕೂ ಅಷ್ಟೇ ನೆರವು. ಒಳಗಿನ ಕಲ್ಲು, ಹೊರಗಿನ ಹಲಗೆ. ಒಳಗೆ ಕಲ್ಲಿಲ್ಲದೆ ತಟ್ಟಿದರೆ ಮಡಕೆ ಕುಸಿಯುತ್ತದೆ. ಹೊರಗೆ ಹಲಗೆ ಇಲ್ಲದೆ ಒತ್ತಿದರೆ ಗೋಡೆ ಹರಿಯುತ್ತದೆ. ಗೈಡಿನ ಎರಡು ಕಾಲಮ್ಮಿನ ನಡುವೆ ಒಂದು ಗೆರೆ ಇದೆಯಲ್ಲ, ಮಡಕೆ ಇರುವುದು ಆ ಗೆರೆಯಲ್ಲಿ.

ಇದನ್ನು ಹಿಡಿದುಕೊಂಡು ಆ ಕಾಲದ ಮಿಕ್ಕ ಕವಿಗಳನ್ನು ಓದಿದರೆ ಗೈಡು ಇನ್ನೂ ಸಪ್ಪೆ ಆಗುತ್ತದೆ. ಟೆನಿಸನ್‌ನ ಗೆಳೆಯ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ ಸತ್ತ. ಆಗ ಅವನಿಗೆ 22 ವರ್ಷ. ಅವನಿಗಾಗಿ ಬರೆದ 'ಇನ್ ಮೆಮೋರಿಯಮ್' ಹೊರಬಂದದ್ದು 1850ರಲ್ಲಿ. ಅಷ್ಟು ಉದ್ದದ ಪದ್ಯದಲ್ಲಿ ಆತ್ಮ ಉಳಿಯುತ್ತಾ ಇಲ್ಲವಾ ಅಂತ ಹೊಯ್ದಾಟ. ಆದರೆ ಕವಿಗೆ ಬೇಕಾಗಿರುವುದು ಏನು ಗೊತ್ತಾ? ಕೈ. ಗೆಳೆಯನ ಮನೆ ಬಾಗಿಲ ಮುಂದೆ ಬೆಳಗಿನ ಜಾವ ನಿಂತು, ಇನ್ನು ಹಿಡಿಯಲಾಗದ ಆ ಕೈಯನ್ನು ನೆನೆಯುತ್ತಾನೆ. ಹೆಣ ಹೊತ್ತ ಹಡಗು ಬರುವಾಗಲೂ ಅಷ್ಟೇ. ಗೆಳೆಯ ಹಡಗಿನಿಂದ ಇಳಿದು ಬಂದು ಸರಕ್ಕನೆ ಕೈ ಹಿಡಿದರೆ ನನಗೆ ವಿಚಿತ್ರ ಅನ್ನಿಸಲ್ಲ ಅನ್ನುತ್ತಾನೆ. ಈ ಸಾಲು ಓದುವಾಗ ನನ್ನ ಗಂಟಲು ಕಟ್ಟುತ್ತದೆ. ಮಕ್ಕಳಿಗೆ ಗೊತ್ತಾಗದ ಹಾಗೆ ಬೋರ್ಡಿನ ಕಡೆ ತಿರುಗುತ್ತೇನೆ.

ರೊಸೆಟ್ಟಿಯ ಕಥೆ ಬೇರೆ. ಅವನ ಪದ್ಯದಲ್ಲಿ ಸತ್ತ ಹುಡುಗಿ ಸ್ವರ್ಗದ ಚಿನ್ನದ ಕಂಬಿಗೆ ಒರಗಿ ಭೂಮಿ ಕಡೆ ಬಗ್ಗಿ ನೋಡುತ್ತಾಳೆ. ಎದೆಯ ಕಾವಿಗೆ ಆ ಕಂಬಿ ಬೆಚ್ಚಗಾಗುತ್ತದಂತೆ! ಸ್ವರ್ಗಕ್ಕೆ ಹೋದರೂ ಮೈ ಬಿಸಿ ಆರಿಲ್ಲ. 1871ರಲ್ಲಿ ರಾಬರ್ಟ್ ಬುಕಾನನ್ ಅನ್ನುವವನು ಸುಳ್ಳು ಹೆಸರಲ್ಲಿ, ಇದೆಲ್ಲ ಮಾಂಸದ ಕವಿಗಳ ಗುಂಪು ಅಂತ ಉಗಿದ. ನನ್ನ ಮಟ್ಟಿಗೆ ಆ ಬೆಚ್ಚನೆ ಕಂಬಿ ಒಂದು ಸಾಕು, ಬುಕಾನನ್ ಏನಾದರೂ ಅನ್ನಲಿ.

ಹಾಪ್ಕಿನ್ಸ್ ಪಾದ್ರಿ. ಅವನು 1877ರಲ್ಲಿ ಮೈಯನ್ನು ಎಲುಬಿನ ಮನೆ ಅಂದ, ಅದರೊಳಗಿನ ಆತ್ಮವನ್ನು ಪಂಜರದ ಹಕ್ಕಿಗೆ ಹೋಲಿಸಿದ. ಆದರೆ ಪಂಜರ ಬಿಟ್ಟು ಹಾರಿಹೋಗು ಅನ್ನಲಿಲ್ಲ. ಹಕ್ಕಿಗೂ ಗೂಡು ಬೇಕು, ಪಂಜರ ಬೇಡ ಅಷ್ಟೇ. ಹುಲ್ಲುಗಾವಲ ಮೇಲೆ ಕಾಮನಬಿಲ್ಲು ಕಾಲಿಟ್ಟರೆ ಹುಲ್ಲಿಗೆ ಭಾರವೇ? ಸತ್ತ ಮೇಲೆ ಮತ್ತೆ ಎದ್ದು ಬಂದ ಎಲುಬು ಆತ್ಮಕ್ಕೆ ಅಷ್ಟೇ ಹಗುರ. ಇದನ್ನು ವಿವರಿಸಲು ನನಗೆ ಬರಲ್ಲ. ಓದಿ ಹೇಳಿ ಸುಮ್ಮನಾಗುತ್ತೇನೆ.

ಇದೆಲ್ಲ ಹೇಳಿದ ಮಾರನೇ ದಿನ ಅಮ್ಮನ ಹತ್ತಿರ ಕೇಳಿ ತಾತನ ಕಲ್ಲನ್ನು ಕ್ಲಾಸಿಗೆ ತಗೊಂಡು ಹೋದೆ. ಹಲಗೆ ಸಿಗಲಿಲ್ಲ, ಎಂದೋ ಒಲೆಗೆ ಹೋಗಿರಬೇಕು. ತಾತ ಹೋಗಿ ತುಂಬಾ ವರ್ಷ ಆಯಿತು. ಊರಲ್ಲಿ ಯಾರು ಸತ್ತರೂ ಚಿತೆ ಮುಂದೆ ಒಡೆಯುವ ನೀರಿನ ಮಡಕೆ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಅದಕ್ಕೆ ತಾತ ರೇಟು ಹೇಳುತ್ತಿರಲಿಲ್ಲ, ಕೊಟ್ಟಷ್ಟು ತಗೊಳ್ಳುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಹೇಳಿ ನಗುತ್ತಿದ್ದರು. ತಾತನ ದಿನ ಮಾತ್ರ ಮಡಕೆಯನ್ನು ಮುಳಬಾಗಿಲಿನ ಅಂಗಡಿಯಿಂದ ತರಬೇಕಾಯಿತು. ಅಷ್ಟೊತ್ತಿಗೆ ಮಡಕೆ ಸುಡುವ ನಮ್ಮ ಆವಿಗೆಯಲ್ಲಿ ಬೇಲಿ ಗಿಡ ಬೆಳೆದಿತ್ತು.

ಕಲ್ಲು ಕೈಯಿಂದ ಕೈಗೆ ಹೋಯಿತು. ಗೈಡಿನ ಹುಡುಗಿ ಅದನ್ನು ಜಾಸ್ತಿ ಹೊತ್ತು ಇಟ್ಟುಕೊಂಡಳು.

"ಎಷ್ಟು ನುಣ್ಣಗಿದೆ ಮಿಸ್. ಇದು ಒಳಗಡೆದಾ?"

"ಹೂಂ, ಒಳಗಡೆದು."

ಅವಳು ಅದನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಗೈಡು ಮಡಚಿ, ಗಾಳಿಯಲ್ಲೇ ಎರಡು ಸಲ ತಟ್ಟಿ ನೋಡಿದಳು. ಹಿಂದಿನ ಬೆಂಚಿನವರು ನಕ್ಕರು.

ಸಂಜೆ ಮನೆಗೆ ಬಂದಾಗ ಅಮ್ಮ ಕೈ ಚಾಚಿದರು. "ಕೊಡು ಇಲ್ಲಿ. ಬೆಳಗಿಂದ ಶುಂಠಿ ಜಜ್ಜೋಕೆ ಏನೂ ಇಲ್ಲ."