ಚಾಪೆಯ ಮೇಲೆ ಒಂದು ಭಾನುವಾರ: ಹಾಸನದಲ್ಲಿ ಪಿಲಾಟೀಸ್

ಉಸಿರಿನ ಜೊತೆಗೆ ಒಳಗಿನ ಸ್ನಾಯುಗಳನ್ನು ಹತೋಟಿಯಲ್ಲಿಟ್ಟು ಮಾಡುವ ವ್ಯಾಯಾಮ ಪದ್ಧತಿ ಪಿಲಾಟೀಸ್. ಅದಕ್ಕೆ ಯೋಗದ ತೆಳು ಮ್ಯಾಟ್ ಸಾಲದು. 4 ಮಿಲಿಮೀಟರ್ ದಪ್ಪದ ಮ್ಯಾಟ್ ಮೇಲೆ ಬೆನ್ನನ್ನು ಉರುಳಿಸಿದರೆ ಒಂದೊಂದು ಮಣಿಯೂ ನೆಲಕ್ಕೆ ತಾಗಿ ನೋಯುತ್ತದೆ. ನೋವಿಗೆ ಹೆದರಿದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ತನ್ನೊಳಗೆ ಏನು ನಡೆಯುತ್ತಿದೆ ಎನ್ನುವುದೇ ತಿಳಿಯುವುದಿಲ್ಲ. 10 ಮಿಲಿಮೀಟರಿನದ್ದು ಒಳ್ಳೆಯದು. ಅದಿಲ್ಲದಿದ್ದರೆ ಜಮಖಾನ ಮಡಚಿ ಹಾಸಿ, ಅದರ ಮೇಲೆ ಯೋಗದ ಮ್ಯಾಟ್ ಹಾಕಿದರಾಯಿತು. ಜನವರಿಯ ಹಾಸನದಲ್ಲಿ ಬೆಳಗಿನ ಆರೂವರೆಗೆ ಟೈಲ್ಸ್ ನೆಲ ಕೊರೆಯುತ್ತಿರುತ್ತದೆ, ಜಮಖಾನ ಆ ಲೆಕ್ಕಕ್ಕೂ ಬೇಕು. ಸಾಲಗಾಮೆ ರಸ್ತೆ ಕಡೆಯ ಬಡಾವಣೆಯಲ್ಲಿ ನಾವು ಪಿಲಾಟೀಸ್ ಹೇಳಿಕೊಡುವ ಮಹಡಿ ಹಾಲ್‌ಗೆ ಆ ಭಾನುವಾರ ಬಂದವರೆಲ್ಲ ಮನೆಯಿಂದ ಜಮಖಾನದ ಜೊತೆಗೆ ಒಂದು ದಪ್ಪ ಟವೆಲ್, ಒಂದು ದುಪ್ಪಟ್ಟ ತಂದಿದ್ದರು. ತರಗತಿಗೆ ಬೇಕಾದ ಸಲಕರಣೆ ಅಷ್ಟೇ. ಹೊಟ್ಟೆ ಖಾಲಿ ಇರಬೇಕು, ಇಲ್ಲವೇ ತಿಂಡಿ ತಿಂದು ಎರಡು ಗಂಟೆಯಾದರೂ ಕಳೆದಿರಬೇಕು.

ಬಂದವರಲ್ಲಿ ನಿವೃತ್ತಿಗೆ ಹತ್ತಿರವಾದ ಶಾಲಾ ಟೀಚರ್ ಇದ್ದರು. ಹತ್ತಿರದ ಹಳ್ಳಿಯಿಂದ ಬಂದಿದ್ದ, ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಅಕ್ಕ ಇದ್ದರು. ಎರಡು ಸಿಸೇರಿಯನ್ ಆದ ತಾಯಿ, ಬಸ್ ಓಡಿಸುವ ಒಬ್ಬರು, ಕಾಲೇಜಿನ ಒಂದು ಹುಡುಗಿ, ಇನ್ನೂ ಕೆಲವರು. ಇಷ್ಟು ಬಗೆಯ ಮೈಗಳಿಗೆ ಒಂದೇ ಅಳತೆಯ ವ್ಯಾಯಾಮ ಹೇಳಿಕೊಟ್ಟರೆ ಅರ್ಧ ಜನಕ್ಕೆ ನೋವು, ಅರ್ಧ ಜನಕ್ಕೆ ಬೇಸರ. ಆದ್ದರಿಂದ ಮೊದಲ ಹತ್ತು ನಿಮಿಷ ಯಾವ ವ್ಯಾಯಾಮವೂ ಇರುವುದಿಲ್ಲ. ಅಂಗಾತ ಮಲಗಿ, ಮೈ ಎಲ್ಲೆಲ್ಲಿ ನೆಲಕ್ಕೆ ತಾಗಿದೆ ಎಂದು ನೋಡಿಕೊಳ್ಳುವುದು ಅಷ್ಟೇ ಕೆಲಸ. ಯಾವ ಹಿಮ್ಮಡಿ ಹೆಚ್ಚು ಒತ್ತುತ್ತಿದೆ? ಪಾದಗಳೆರಡೂ ಒಂದೇ ಸಮನಾಗಿ ಹೊರಕ್ಕೆ ವಾಲಿವೆಯೇ? ಸೊಂಟದ ಕೆಳಗಿನ ಸಂದು ಎರಡೂ ಬದಿಗೆ ಒಂದೇ ಇದೆಯೇ? ರೆಕ್ಕೆ ಮೂಳೆಗಳಲ್ಲಿ ಯಾವುದು ನೆಲ ಬಿಟ್ಟಿದೆ? ಕಂಡದ್ದನ್ನು ಸರಿ ಮಾಡಲು ಹೋಗಬಾರದು.

ಇದು ಕೇಳಲು ಸುಲಭ. ಮಾಡುವಾಗ ಜನಕ್ಕೆ ಬಲು ಕಷ್ಟ. "ಬಲಗಡೆ ಭುಜ ನೆಲಕ್ಕೇ ತಾಗ್ತಿಲ್ಲ ಮೇಡಂ, ಏನೋ ಕೆಟ್ಟೋಗಿದೆ," ಎಂದು ಟೀಚರ್ ಆಗಲೇ ಅದನ್ನು ನೆಲಕ್ಕೆ ಅದುಮಲು ಶುರು ಮಾಡಿದ್ದರು. ಕೆಟ್ಟದ್ದೇನೂ ಇಲ್ಲ. ಮೂವತ್ತು ವರ್ಷ ಬಲಗೈ ಎತ್ತಿ ಬೋರ್ಡಿನ ಮೇಲೆ ಬರೆದವರ ಭುಜ ಮುಂದಕ್ಕೆ ಬಂದಿರುವುದು ಸಹಜ. ಬಲವಂತವಾಗಿ ಅದುಮಿದರೆ ಎದೆಗೂಡು ಮೇಲೆದ್ದು ಸೊಂಟ ಇನ್ನಷ್ಟು ಬಾಗುತ್ತದೆ, ಭುಜದ ತೊಂದರೆ ಬೆನ್ನಿಗೆ ವರ್ಗವಾಗುತ್ತದೆ. ಭುಜದ ಕೆಳಗೆ ಟವೆಲ್ಲಿನ ಒಂದು ಮಡಿಕೆ ಇಟ್ಟ ಮೇಲೆ ಅವರ ಕುತ್ತಿಗೆ ತಾನಾಗಿ ಸಡಿಲವಾಯಿತು. ನೆಲವನ್ನು ಮೈಯ ಹತ್ತಿರಕ್ಕೆ ತರುವುದು, ಮೈಯನ್ನು ನೆಲಕ್ಕೆ ಎಳೆಯದಿರುವುದು: ಪಿಲಾಟೀಸ್‌ನಲ್ಲಿ ಮೈಯನ್ನು ಒಪ್ಪಿಕೊಳ್ಳುವುದೂ ತಂತ್ರದ ಒಂದು ಭಾಗವೇ. ಮೈಯೊಡನೆ ಜಗಳಕ್ಕಿಳಿದ ಕ್ಷಣ ಉಸಿರು ನಿಲ್ಲುತ್ತದೆ. ಉಸಿರು ನಿಂತರೆ ಕೆಲಸ ಮಾಡಬೇಕಾದ ಒಳಗಿನ ಸ್ನಾಯುಗಳ ಬದಲು ಕುತ್ತಿಗೆ, ದವಡೆ, ತೊಡೆಗಳು ನುಗ್ಗಿ ಆ ಕೆಲಸ ಮಾಡುತ್ತವೆ.

ಉಸಿರಿನ ಪಾಠಕ್ಕೆ ದುಪ್ಪಟ್ಟ ಬೇಕು. ಮಂಡಿ ಮಡಚಿ ಮಲಗಿ, ದುಪ್ಪಟ್ಟವನ್ನು ಎದೆಯ ಕೆಳಗೆ, ಕೊನೆಯ ಪಕ್ಕೆಲುಬುಗಳ ಸುತ್ತ ತಂದು ಮುಂದೆ ಅಡ್ಡಡ್ಡ ಹಿಡಿಯಬೇಕು. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆದಾಗ ಬಟ್ಟೆ ಎರಡೂ ಪಕ್ಕಕ್ಕೆ ಮತ್ತು ಬೆನ್ನಿನ ಕಡೆಗೆ ಬಿಗಿಯಾಗಬೇಕು. ಬಾಯಿಂದ 6 ಎಣಿಸುವಷ್ಟು ಹೊತ್ತು ಬಿಟ್ಟಾಗ ಪಕ್ಕೆಲುಬುಗಳು ಒಳಕ್ಕೆ ಸರಿದು ಬಟ್ಟೆ ಸಡಿಲವಾಗಬೇಕು. ಪ್ರಾಣಾಯಾಮ ಕಲಿತವರಿಗೆ ಹೊಟ್ಟೆ ಉಬ್ಬಿಸಿ ಉಸಿರಾಡುವುದು ರೂಢಿಯಾಗಿರುತ್ತದೆ. ಅದೂ ಸರಿಯೇ. ಇಲ್ಲಿ ಕೈಕಾಲು ಆಡುವಾಗ ಕಿಬ್ಬೊಟ್ಟೆ ಹಗುರವಾಗಿ ಒಳಗೆ ಹಿಡಿದಿರುತ್ತದೆ, ಗಾಳಿಗೆ ಜಾಗ ಬೇಕಲ್ಲ, ಅದಕ್ಕೆ ಪಕ್ಕೆಲುಬು ಅಗಲವಾಗಬೇಕು. ಭುಜ ಕಿವಿಯ ಕಡೆಗೆ ಏರಿದರೆ ಉಸಿರು ಎದೆಯ ಮೇಲ್ಭಾಗದಲ್ಲೇ ಉಳಿಯಿತು ಎಂದರ್ಥ. ಹುರುಪಿನಲ್ಲಿ ಹೆಚ್ಚು ಹೆಚ್ಚು ಎಳೆದು ಬಿಟ್ಟರೆ ತಲೆ ಸುತ್ತುತ್ತದೆ, ಆಗ ನಿಲ್ಲಿಸಿ ಮಾಮೂಲಿನಂತೆ ಉಸಿರಾಡಿದರೆ ಸಾಕು.

ಆಮೇಲೆ ಸೊಂಟದ ಸ್ಥಾನ. ಅಂಗೈಗಳ ಬುಡವನ್ನು ಸೊಂಟದ ಮುಂದಿನ ಎರಡು ಮೂಳೆ ಉಬ್ಬುಗಳ ಮೇಲಿಟ್ಟು, ಬೆರಳ ತುದಿಗಳನ್ನು ಕಿಬ್ಬೊಟ್ಟೆಯ ತಳದ ಮೂಳೆಯ ಮೇಲಿಟ್ಟರೆ ಒಂದು ತ್ರಿಕೋನವಾಗುತ್ತದೆ. ಆ ತ್ರಿಕೋನ ನೆಲಕ್ಕೆ ಸಮತಟ್ಟಾಗಿರುವುದೇ ನಡುವಿನ ಸ್ಥಾನ. ಸೊಂಟದ ಕೆಳಗೆ ಎಷ್ಟು ಸಂದು ಇರಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಒಂದು ಬೆರಳು ಹೋಗುವಷ್ಟು, ಕೆಲವರಿಗೆ ಇಡೀ ಅಂಗೈ ಹೋಗುವಷ್ಟು. ಹಿಂಭಾಗ ತುಂಬಿಕೊಂಡಿರುವವರಿಗೆ ಸಂದು ಹೆಚ್ಚಿರುವುದು ಮೈಯ ಆಕಾರದಿಂದ, ದೋಷದಿಂದಲ್ಲ. ಬಸ್ ಓಡಿಸುವವರಿಗೆ ಎಡಗಡೆ ಸಂದು ಹೆಚ್ಚಿತ್ತು. ದಿನವಿಡೀ ಸೊಂಟ ಮಡಚಿ ಕೂತು ಕ್ಲಚ್ ತುಳಿಯುವ ಕಾಲು, ತೊಡೆಯ ಮುಂಭಾಗ ಗಿಡ್ಡವಾಗಿ ಸೊಂಟವನ್ನು ಮುಂದಕ್ಕೆ ಎಳೆದುಕೊಂಡಿದೆ. ಮಂಡಿ ಮಡಚಿದ ಕೂಡಲೇ ಅದು ಕಡಿಮೆಯಾಗಿದ್ದನ್ನು ಅವರೇ ಬೆರಳು ತೂರಿಸಿ ಕಂಡುಕೊಂಡರು.

ಈ ವಿಷಯದಲ್ಲಿ ಪದ್ಧತಿಯೇ ಬದಲಾಗಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯ ಮೊಂಶೆನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ, ಜರ್ಮನ್ ಎಂಬ ಕಾರಣಕ್ಕೆ ಬ್ರಿಟನ್ ಅವರನ್ನು ಐಲ್ ಆಫ್ ಮ್ಯಾನ್‌ನ ಶಿಬಿರದಲ್ಲಿ ಕೂಡಿಟ್ಟಿತ್ತು. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಂಗಾತಿ ಕ್ಲಾರಾ ಜೊತೆಗೂಡಿ ಕಲಿಸತೊಡಗಿದರು, ನೃತ್ಯಗಾರರು ಸಾಲುಗಟ್ಟಿ ಬಂದರು, 1967ರಲ್ಲಿ ತೀರಿಕೊಂಡರು. ತಮ್ಮ ಪದ್ಧತಿಗೆ ಅವರಿಟ್ಟ ಹೆಸರು ಕಂಟ್ರಾಲಜಿ. ಮ್ಯಾಟ್ ಮೇಲಿನ 34 ವ್ಯಾಯಾಮಗಳಲ್ಲಿ ಅವರು ಬೆನ್ನನ್ನು ನೆಲಕ್ಕೆ ಪೂರ್ತಿ ಒತ್ತಿಡಲು ಹೇಳುತ್ತಿದ್ದರು. ಸೊಂಟದ ಸಹಜ ಬಾಗನ್ನು ಹಾಗೇ ಉಳಿಸಿಕೊಳ್ಳುವ ಕ್ರಮವನ್ನು ಮುಂದಿನ ಪೀಳಿಗೆಯ ಶಿಕ್ಷಕರು, ಫಿಸಿಯೋಥೆರಪಿಸ್ಟರು ತಂದರು. ಸ್ಥಾಪಕರ ಮಾತನ್ನೇ ಮೈಗೆ ತಕ್ಕಂತೆ ತಿದ್ದಿಕೊಂಡ ಪದ್ಧತಿಯಿದು. ಹಾಸನದ ಹಾಲ್‌ನಲ್ಲಿ ಟವೆಲ್ ಮಡಚಿ ಇಟ್ಟುಕೊಳ್ಳಲು ಯಾರೂ ಸಂಕೋಚಪಡಬೇಕಿಲ್ಲ.

ಹೊಟ್ಟೆಯ ಸ್ನಾಯು ಹಿಡಿಯುವ ವಿಷಯಕ್ಕೆ ಬಂದಾಗ ಎರಡು ಮಕ್ಕಳ ತಾಯಿ ಸಣ್ಣ ದನಿಯಲ್ಲಿ, "ನಂಗೆ ಹೊಟ್ಟೆ ಒಳಕ್ಕೇ ಹೋಗಲ್ಲ, ಎರಡು ಸಿಸೇರಿಯನ್ ಆಗಿದೆ," ಎಂದರು. ನಿಜವಾಗಿ ಅವರ ಹೊಟ್ಟೆ ಬಂದಾಗಿನಿಂದ ಒಳಗೇ ಇತ್ತು. ಮದುವೆ ಮನೆಗಳಲ್ಲಿ "ಯಾಕೆ, ಮತ್ತೆ ವಿಶೇಷಾನಾ?" ಎಂದು ಕೇಳಿಸಿಕೊಂಡ ಹೆಂಗಸರು ಇಡೀ ದಿನ ಹೊಟ್ಟೆ ಬಿಗಿಹಿಡಿದೇ ನಡೆಯುತ್ತಾರೆ. ಹೊಟ್ಟೆಯ ಮೇಲ್ಭಾಗ ಹೀಗೆ ಸದಾ ಬಿಗಿದರೆ ಒತ್ತಡ ಕೆಳಕ್ಕೆ ಇಳಿದು ಮೂತ್ರ ತಡೆಯುವ ಸ್ನಾಯುಗಳ ಮೇಲೆ ಬೀಳುತ್ತದೆ, ಸೀನಿದಾಗ ಹನಿ ಮೂತ್ರ ಹೋಗುವುದು ಹೆಚ್ಚಾಗುತ್ತದೆ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇದಿದೆ. ಇದಕ್ಕೆ ಚಿಕಿತ್ಸೆಯೂ ಇದೆ, ವೈದ್ಯರ ಹತ್ತಿರ ಹೇಳಿಕೊಳ್ಳಲು ನಾಚಬಾರದು. ಅವರಿಗೆ ಮೊದಲ ಪಾಠವೇ ಹೊಟ್ಟೆಯನ್ನು ಬಿಡುವುದು. ಅಂಗೈಯನ್ನು ಹೊಕ್ಕುಳ ಕೆಳಗೆ ಇಟ್ಟು, ಉಸಿರೆಳೆಯುವಾಗ ಹೊಟ್ಟೆಗೂ ಕೆಳಗಿನ ಸ್ನಾಯುಗಳಿಗೂ ಪೂರ್ತಿ ಸಡಿಲ. ಉಸಿರು ಬಿಡುವಾಗ ಮೂತ್ರ ತಡೆಯುವಂತೆ ಹಗುರವಾಗಿ ಮೇಲಕ್ಕೆಳೆದು, ಹೊಕ್ಕುಳ ಕೆಳಗಿನ ಭಾಗ ತುಸು ಒಳಕ್ಕೆ. ಪೂರ್ತಿ ಬಲ ನೂರಾದರೆ ಇಲ್ಲಿ ಬೇಕಾದದ್ದು ಮೂವತ್ತು. ಸೊಂಟವನ್ನು ಸುತ್ತುವರಿದಿರುವ ಒಳಪದರದ ಸ್ನಾಯುವಿಗೆ ಅಷ್ಟು ಸಾಕು. ಜೋರು ಮಾಡಿದರೆ ಹೊರಗಿನ ಸ್ನಾಯು ಕೆಲಸ ಕಸಿದುಕೊಳ್ಳುತ್ತದೆ. ಬಿಡಲು ಬಾರದ ಸ್ನಾಯುವಿಗೆ ಹಿಡಿಯಲೂ ಬಾರದು. ಹೀಗೆ ಹತ್ತು ಉಸಿರು ಕಳೆಯುವುದರೊಳಗೆ ಅವರ ಹುಬ್ಬಿನ ಗಂಟು ಬಿಚ್ಚಿತ್ತು.

ಸೇತುವೆಯ ವ್ಯಾಯಾಮದಲ್ಲಿ ತಪ್ಪುಗಳು ಕಣ್ಣಿಗೆ ಕಾಣುತ್ತವೆ, ಆದ್ದರಿಂದ ಕಲಿಯಲು ಒಳ್ಳೆಯದು. ಮಂಡಿ ಮಡಚಿ, ಪಾದಗಳ ನಡುವೆ ಒಂದು ಮುಷ್ಟಿ ಅಂತರ. ಉಸಿರು ಬಿಡುತ್ತ ಬಾಲಮೂಳೆಯನ್ನು ಮೊದಲು ಎತ್ತಿ, ಆಮೇಲೆ ಸೊಂಟ, ಆಮೇಲೆ ನಡುಬೆನ್ನು, ಹೀಗೆ ರೆಕ್ಕೆ ಮೂಳೆಗಳವರೆಗೆ. ಮೇಲೆ ಒಂದು ಉಸಿರೆಳೆದುಕೊಂಡು, ಬಿಡುತ್ತ ಎದೆಯ ಕಡೆಯಿಂದ ಇಳಿಯಬೇಕು, ಮಲ್ಲಿಗೆ ದಂಡೆಯನ್ನು ತಟ್ಟೆಗೆ ಇಳಿಸುವ ಹಾಗೆ ಒಂದೊಂದೇ ಮಣಿ. ಐದಾರು ಸಲ ಸಾಕು. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದ ದೂರ ಇದೆ ಎಂದರ್ಥ, ಹಿಮ್ಮಡಿಯನ್ನು ಎರಡು ಇಂಚು ಹತ್ತಿರ ತಂದುಕೊಳ್ಳಿ. ಮಂಡಿಗಳು ಹೊರಕ್ಕೆ ಬಿಚ್ಚಿಕೊಂಡರೆ ನಡುವೆ ಮಡಚಿದ ಟವೆಲ್ ಹಿಡಿಯಿರಿ. ಎತ್ತರಕ್ಕೆ ಏರುವ ಆಸೆಗೆ ಪಕ್ಕೆಲುಬು ಉಬ್ಬಿದರೆ ಸೊಂಟ ನೋಯುತ್ತದೆ. ಹಾಲಿನ ಅಕ್ಕನಿಗೆ ಇಳಿಯುವಾಗ ಸೊಂಟದ ಜಾಗದಲ್ಲಿ ಒಂದು ಗೇಣು ಬೆನ್ನು ಒಟ್ಟಿಗೇ ದೊಪ್ಪನೆ ಬೀಳುತ್ತಿತ್ತು. ಆ ಜಾಗ ಗಟ್ಟಿಯಾಗಿದೆ ಎಂದು ತಿಳಿದದ್ದೇ ಆ ದಿನದ ಲಾಭ, ಒಂದೇ ದಿನದಲ್ಲಿ ಅದು ಬಿಡುವುದಿಲ್ಲ. ಅದೇ ಅಕ್ಕ ಕುಕ್ಕರಗಾಲಿನಲ್ಲಿ ಕೂತರೆ ಹಿಮ್ಮಡಿ ನೆಲ ಬಿಡುವುದಿಲ್ಲ, ಕಾಲೇಜಿನ ಹುಡುಗಿಗೆ ಅಷ್ಟು ಕೂರಲು ಬರುವುದಿಲ್ಲ. ಮೈಯಲ್ಲಿ ಚೆನ್ನಾಗಿರುವುದನ್ನೂ ಗುರುತಿಸಿ ಹೇಳಿಕೊಳ್ಳಬೇಕು. ಕೊರತೆ ಮಾತ್ರ ಎಣಿಸುವುದು ಅರ್ಧ ಅರಿವು.

ಹಂಡ್ರೆಡ್ ಎಂಬ ಹೆಸರುವಾಸಿ ವ್ಯಾಯಾಮದಲ್ಲಿ ತಲೆ, ಭುಜ ಎತ್ತಿ, ಕಾಲುಗಳನ್ನು ಮೇಲೆ ಹಿಡಿದು, ಚಾಚಿದ ಕೈಗಳನ್ನು ಮೇಲೆ ಕೆಳಗೆ ಸಣ್ಣಗೆ ಬಡಿಯುತ್ತಾರೆ. 5 ಬಡಿತಕ್ಕೆ ಉಸಿರು ಒಳಗೆ, 5 ಬಡಿತಕ್ಕೆ ಹೊರಗೆ, ಹೀಗೆ ಹತ್ತು ಸುತ್ತು. ನೂರು ಮುಟ್ಟಲೇಬೇಕೆಂಬ ಹಟವೇ ಇಲ್ಲಿನ ಅಪಾಯ. ತಲೆ ಎತ್ತಿದಾಗ ಹೊಟ್ಟೆಯ ನಡುಗೆರೆಯಲ್ಲಿ ದಿಂಡಿನಂತೆ ಏನಾದರೂ ಉಬ್ಬುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಉಬ್ಬಿದರೆ ಬಸಿರಿನಲ್ಲಿ ಅಗಲವಾದ ಸ್ನಾಯುಗಳ ನಡುವಿನ ಪದರ ಇನ್ನೂ ಬಿಗಿಯಾಗಿಲ್ಲ ಎಂದು ತಿಳಿದು ತಲೆ ಕೆಳಗಿಡಬೇಕು. ಆ ತಾಯಿ ತಲೆ ನೆಲದಲ್ಲಿ, ಪಾದ ನೆಲದಲ್ಲಿ ಇಟ್ಟು ಮೂವತ್ತು ಬಡಿತ ಮಾಡಿದರು. ಉಸಿರು ಒಮ್ಮೆಯೂ ತಪ್ಪಲಿಲ್ಲ. ಹುಡುಗಿ ನೂರು ಮುಗಿಸಿದಳು, ಆದರೆ ಅರವತ್ತರ ಮೇಲೆ ಬಾಯಿ ಬಿಗಿದು ಕತ್ತಿನ ನರ ಎದ್ದಿತ್ತು. ಇವೆರಡರಲ್ಲಿ ಪಿಲಾಟೀಸ್ ಆಗಿದ್ದು ಮೊದಲನೆಯದು. ಕತ್ತು ನೋಯುವವರು ಸೂರು ನೋಡದೆ ಹೊಕ್ಕುಳ ಕಡೆ ನೋಡಬೇಕು, ಗದ್ದಕ್ಕೂ ಎದೆಗೂ ಒಂದು ಮುಷ್ಟಿ ಅಂತರ ಇರಬೇಕು.

ಟೀಚರ್‌ಗೆ ಮೂಳೆ ಸವೆತ (ಆಸ್ಟಿಯೋಪೊರೋಸಿಸ್) ಇತ್ತು. ಅಂಥವರು ಮುಂದಕ್ಕೆ ಬೆನ್ನು ಸುರುಳಿ ಮಾಡುವ ಯಾವ ವ್ಯಾಯಾಮವನ್ನೂ ಮಾಡಬಾರದು, ಬೆನ್ನಿನ ಮಣಿ ಕುಸಿಯುವ ಭಯವಿದೆ. ಬೋರಲು ಮಲಗಿ ಎದೆಯನ್ನು ನಾಲ್ಕು ಬೆರಳಷ್ಟೇ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲೆತ್ತುವುದು ಅವರಿಗೆ ಒಳ್ಳೆಯದು. ಕಾಲಿಗೆ ಜೋಮು ಹಿಡಿಯುವ ಡಿಸ್ಕ್ ತೊಂದರೆ, ಹತೋಟಿಗೆ ಬಾರದ ಬಿಪಿ, ಬಸಿರು ಇರುವವರು ವೈದ್ಯರನ್ನು ಕೇಳಿಯೇ ಬರಬೇಕು. ಸಿಸೇರಿಯನ್ ಆದವರಿಗೂ ವೈದ್ಯರ ಒಪ್ಪಿಗೆ ಸಿಗುವವರೆಗೆ ಉಸಿರಿನ ಪಾಠ ಮಾತ್ರ.

ಕೊನೆಗೆ ನಿಂತು ನೋಡುವುದು. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಪ್ರತಿ ಪಾದದಲ್ಲೂ ಈ ಮೂರು ಕಡೆ ಭಾರ ಹಂಚಿರಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಪಾಠ ಹುಡುಕಬೇಕಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟ ಎರಡೂ ಕಾಲಿನ ಮೇಲೆ ಸಮನಾಗಿ, ತೋಳು ಇಳಿಬಿಟ್ಟು ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಬೇಲೂರಿನ ಮದನಿಕೆಯರು ಸೊಂಟ ಒಂದು ಕಡೆಗೆ, ಎದೆ ಇನ್ನೊಂದು ಕಡೆಗೆ ಬಾಗಿಸಿ ನಿಂತಿದ್ದಾರೆ. ಎರಡೂ ನಿಲುವು ಮೈಗೆ ಬೇಕು. ಕಷ್ಟ ಬರುವುದು ಒಂದೇ ಕಡೆಗೆ ಬಾಗಿ, ಬಾಗಿದ್ದು ಗೊತ್ತೇ ಆಗದೆ ವರ್ಷಗಟ್ಟಲೆ ನಿಂತಾಗ.

ತೂಕ ಎಷ್ಟು ಇಳಿಯುತ್ತದೆ ಎಂದು ಒಬ್ಬರು ಕೇಳಿದರು. ಮ್ಯಾಟ್ ಪಿಲಾಟೀಸ್‌ನಿಂದ ತೂಕ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ, ಅದಕ್ಕೆ ನಡಿಗೆಯೂ ಊಟದ ಲೆಕ್ಕವೂ ಬೇಕು. ಮೊದಲು-ಆಮೇಲೆ ಎಂದು ಫೋಟೋ ತೆಗೆದುಕೊಳ್ಳುವ ಬದಲು ಒಂದು ನೋಟ್‌ಬುಕ್ ಇಡಿ ಎಂದು ಎಲ್ಲರಿಗೂ ಹೇಳುತ್ತೇವೆ: ಇವತ್ತು ಯಾವ ಹಿಮ್ಮಡಿ ಭಾರ, ಯಾವ ವ್ಯಾಯಾಮದ ಎಷ್ಟನೇ ಸಲಕ್ಕೆ ಉಸಿರು ಕಟ್ಟಿತು, ರಾತ್ರಿ ನಿದ್ದೆ ಹೇಗೆ. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ ಮಾಡಿದರೆ ಎರಡು ತಿಂಗಳಲ್ಲಿ ಬರವಣಿಗೆಯೇ ಬದಲಾಗುತ್ತದೆ.

ಹಾಲಿನ ಅಕ್ಕನಿಗೆ ಮನೆಗೆಲಸವಾಗಿ ಕೊಟ್ಟದ್ದು ಕ್ಯಾನ್ ಎತ್ತುವುದು. ಕ್ಯಾನಿಗೆ ತಾಗಿ ನಿಲ್ಲಿ, ಮಂಡಿ ಸೊಂಟ ಎರಡನ್ನೂ ಮಡಚಿ ಬಗ್ಗಿ, ಹಿಡಿ ಹಿಡಿದು ಉಸಿರೆಳೆದುಕೊಳ್ಳಿ, ಉಸಿರು ಬಿಡಲು ಶುರು ಮಾಡಿದ ಮೇಲೆ ಎತ್ತಿ. ಬೆಳಗಿನ ಕ್ಯಾನ್ ಬಲಗೈಗೆ, ಸಂಜೆಯದ್ದು ಎಡಗೈಗೆ. "ಎಡಗೈಲಿ ಎತ್ತಿದ್ರೆ ಚೆಲ್ಲೋಯ್ತದೆ ಕಣಮ್ಮ," ಎಂದರು. ಹಾಗಾದರೆ ಮೊದಲ ವಾರ ಎಡಗೈಗೆ ಅರ್ಧ ಕ್ಯಾನ್ ಸಾಕು, ಉಳಿದದ್ದನ್ನು ಇನ್ನೊಂದು ಸಲ ಹೊತ್ತರಾಯಿತು ಎಂದು ಮಾತಾಯಿತು.