ಹನ್ನೊಂದು ತೇಡೆ ತಲೆ, ಎಂಟಕ್ಕೆ ಹೆಸರು

ಮೇ ತಿಂಗಳ ಕೊನೆ. ಮಳೆಗಾಲದ ನಿಷೇಧ, ಜೂನ್ 1ರಿಂದ 61 ದಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ. ಅಂದರೆ ನನಗೂ ಹೊಸ ತಲೆ ಸಿಗುವುದು ಕಷ್ಟ. ಇಲ್ಲಿವರೆಗಿನ ಲೆಕ್ಕ ಬರೆದಿಡುತ್ತೇನೆ. ಯಾವ ಯಾವ ಜಾತಿ ಅಂತ ಗುರುತಿಸಲು ತಂದದ್ದು ಹನ್ನೊಂದು ತೇಡೆ (ಮೀಸೆಯ ಕಡಲ ಮೀನು) ತಲೆ. ಎಂಟಕ್ಕೆ ಹೆಸರು ಸಿಕ್ಕಿದೆ. ಉಳಿದ ಮೂರು ನನ್ನ ದಡ್ಡತನಕ್ಕೆ ಬಲಿ. ಆ ಕತೆ ಆಮೇಲೆ.

ಮಲ್ಪೆ ಬಂದರಿನಲ್ಲಿ ಮೀಸೆ ಇರುವ ಕಡಲ ಮೀನೆಲ್ಲ ತೇಡೆಯೇ. ಸಾರಿಗೆ ಅಷ್ಟು ಗೊತ್ತಿದ್ದರೆ ಸಾಕು. ಬರೀ ತಲೆ ಕೊಡಿ ಅಂದಾಗ ಮೀನಿನ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ "ತರೆ ದಾಯೆಗ್ ಮಾರಾಯ್ರೆ?" (ತಲೆ ಯಾಕೆ ಮಾರಾಯ್ರೆ?) ಎಂದು ತುಳುವಿನಲ್ಲಿ ಕೇಳಿದ್ದರು. ಈಗ ಅವರೇ ತೆಗೆದಿಟ್ಟಿರುತ್ತಾರೆ.

ಶುರುವಾದದ್ದು ಒಂದೇ ಬುಟ್ಟಿಯಲ್ಲಿದ್ದ ಎರಡು ಮೀನುಗಳಿಂದ. ಒಂದಕ್ಕೆ ಆರು ಮೀಸೆ, ಮೆತ್ತಗೆ. ಇನ್ನೊಂದಕ್ಕೆ ಎರಡೇ, ಅದೂ ತಂತಿಯ ಹಾಗೆ ಬಿರುಸು. ಎರಡನೆಯದು ಆಸ್ಟಿಯೋಜೆನಿಯೋಸಸ್ ಮಿಲಿಟಾರಿಸ್. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಅದಕ್ಕೆ ಮಿಲಿಟಾರಿಸ್, ಅಂದರೆ 'ಸಿಪಾಯಿ' ಅಂತ ಹೆಸರಿಟ್ಟಿದ್ದ. ಮೀಸೆ ಮುಟ್ಟಿ ನೋಡಿದರೆ ಮುಗಿಯಿತು, ಬೇರೆ ಪರೀಕ್ಷೆಯೇ ಬೇಡ. ಎಲ್ಲವೂ ಇಷ್ಟೇ ಸುಲಭ ಅಂದುಕೊಂಡು ಮೋಸ ಹೋದೆ.

ಆರು ಮೀಸೆಯವನ್ನು ಮೊದಲು ಬಣ್ಣ ನೋಡಿ ವಿಂಗಡಿಸಿದೆ. ಏರಿಯಸ್ ಮ್ಯಾಕುಲೇಟಸ್ ಎಂಬ ಜಾತಿಗೆ ಬಾಲದ ಹತ್ತಿರದ ಪುಟ್ಟ ಕೊಬ್ಬಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ ಇರುತ್ತದೆ. ಆದರೆ ಐಸಿನಲ್ಲಿ ಎರಡು ದಿನ ಇದ್ದ ಮೀನು ಎಲ್ಲವೂ ಒಂದೇ ಬೂದಿ ಬಣ್ಣ. ಮೇಲಾಗಿ ನೆಮಾಪ್ಟೆರಿಕ್ಸ್ ಕೇಲಾಟ ಎಂಬ ಇನ್ನೊಂದು ತೇಡೆಗೂ ಅಲ್ಲೇ ಮಚ್ಚೆ. ಹೊಟ್ಟೆಯ ರೆಕ್ಕೆ ಅಳೆದೂ ನೋಡಿದೆ. ಅದೂ ಸುಮ್ನೆ. ಬೆಳೆದ ಹೆಣ್ಣಿಗೆ ಆ ರೆಕ್ಕೆ ದೊಡ್ಡದಾಗಿ ದಪ್ಪಗಾಗುತ್ತದೆ. ಒಂದೇ ಜಾತಿಯ ಗಂಡು ಹೆಣ್ಣನ್ನು ಎರಡು ಜಾತಿ ಅಂತ ಬರೆದುಕೊಂಡಿದ್ದೆ!

ಉತ್ತರ ಇದ್ದದ್ದು ಬಾಯಿಯೊಳಗೆ. ದವಡೆಯಲ್ಲಲ್ಲ, ಅಂಗುಳಲ್ಲಿ. ಟಾರ್ಚ್ ಹಿಡಿದು ನೋಡಿದರೆ ಅಲ್ಲಿ ಹಲ್ಲಿನ ತೇಪೆಗಳು ಕಾಣುತ್ತವೆ. ನೆಟುಮಾ ಥಲಸ್ಸಿನಾದಲ್ಲಿ ಒಂದೊಂದು ಬದಿಗೆ ಮೂರು ತೇಪೆ, ತ್ರಿಕೋನವಾಗಿ ಜೋಡಿಸಿದ ಹಾಗೆ. ಹಲ್ಲುಗಳು ಬ್ರಷ್ಷಿನ ಎಳೆಯಂತೆ ಸಣ್ಣ, ಚೂಪು. ಬೆರಳಾಡಿಸಿದರೆ ಒರಟು ಮಖಮಲ್ಲು. ಏರಿಯಸ್ ಮ್ಯಾಕುಲೇಟಸ್‌ನಲ್ಲಿ ಬದಿಗೊಂದು ದೊಡ್ಡ ತೇಪೆ, ಅದರ ತುಂಬ ರಾಗಿ ಕಾಳು ಒತ್ತಿಟ್ಟಂಥ ಮೊಂಡು ಹಲ್ಲು. ಪ್ಲಿಕೋಫೋಲಿಸ್ ಡಸ್ಸುಮಿಯೆರಿಗೂ ಕಾಳಿನಂಥ ಹಲ್ಲೇ. ಆದರೆ ತೇಪೆ ಚಿಕ್ಕದು, ಉದ್ದುದ್ದಕ್ಕೆ, ಅಂಗುಳಿನ ತೀರ ಹಿಂದೆ. ಬಾಯಿ ಪೂರ್ತಿ ತೆರೆಯದಿದ್ದರೆ ಹಲ್ಲೇ ಇಲ್ಲ ಅನ್ನಿಸುತ್ತದೆ.

ಅನುಮಾನ ಬಂದರೆ ಕಿವಿರು ನೋಡುತ್ತೇನೆ. ಕಿವಿರಿನ ಕಮಾನುಗಳಲ್ಲಿ ಬಾಚಣಿಗೆಯಂಥ ಮುಳ್ಳುಗಳಿರುತ್ತವೆ. ನೆಟುಮಾದ ಮೊದಲ ಎರಡು ಕಮಾನುಗಳ ಹಿಂಬದಿ ಬೋಳು. ಡಸ್ಸುಮಿಯೆರಿಯಲ್ಲಿ ಎಲ್ಲ ಕಮಾನಿನ ಹಿಂಬದಿಗೂ ಮುಳ್ಳಿದೆ. ತಲೆ ಕೊಡುವಾಗ ಅಕ್ಕ ಅಭ್ಯಾಸಬಲದಿಂದ ಕಿವಿರು ಕಿತ್ತು ಬಿಸಾಡುತ್ತಿದ್ದರು. ಬೇಡ ಅಂತ ಒಪ್ಪಿಸಲು ಎರಡು ವಾರ ಹಿಡಿಯಿತು.

ಈಗ ದಡ್ಡತನ. ಬುರುಡೆ ಚೆನ್ನಾಗಿ ಬಿಳಿ ಬರಲಿ ಅಂತ ಮೊದಲ ಮೂರು ತಲೆಯನ್ನು ಕುದಿಸಿದೆ. ಮಾಂಸ ಬಿಟ್ಟಿತು, ಖುಷಿಯಾಯಿತು. ನೀರು ಬಸಿದೆ. ತಿರುಗಿಸಿ ನೋಡಿದರೆ ಅಂಗುಳು ನುಣ್ಣಗೆ. ಕೆಲವು ತೇಪೆಗಳು ಬುರುಡೆಗೆ ಬೆಸೆದಿರುವುದಿಲ್ಲ, ಬೇರೆ ಬಿಲ್ಲೆಗಳ ಮೇಲೆ ಕೂತಿರುತ್ತವೆ. ಹಿಡಿದುಕೊಂಡದ್ದು ಚರ್ಮ, ಚರ್ಮ ಬೆಂದರೆ ಬಿಲ್ಲೆ ಉದುರುತ್ತದೆ. ನನ್ನವು ಬಚ್ಚಲಿಗೆ ಹೋದವು. ಗುರುತು ಹಿಡಿಯಲು ಬೇಕಾದದ್ದನ್ನೇ ಚೆಲ್ಲಿ, ಚಂದದ ಬುರುಡೆ ಇಟ್ಟುಕೊಂಡಿದ್ದೇನೆ. ಒಂದು ಸಮಾಧಾನ: ಬುರುಡೆಯ ಅಡಿಭಾಗ ಶಿಲುಬೆಯ ಹಾಗೆ ಕಾಣುತ್ತದೆ, ಅಲ್ಲಾಡಿಸಿದರೆ ಒಳಗೆ ಗಿಲಕಿ ಸದ್ದು. ಅದು ಕಿವಿಯ ಕಲ್ಲು. ಹೆಚ್ಚಿನ ಮೀನುಗಳಲ್ಲಿ ಸಜಿಟ್ಟಾ ಎಂಬ ಕಲ್ಲು ದೊಡ್ಡದು, ತೇಡೆಯಲ್ಲಿ ಲ್ಯಾಪಿಲಸ್. ಪಕ್ಕದ ಮನೆಯ ಮಗು ಒಂದನ್ನು ಆಟಕ್ಕೆ ಕೇಳುತ್ತಿದೆ.

ನಾಲ್ಕನೇ ತಲೆಯಿಂದ ಕ್ರಮ ಬದಲಾಯಿಸಿದೆ. ಮೊದಲು ದವಡೆಯ ಮೂಲೆ ಕತ್ತರಿಸಿ, ಅಂಗುಳಿನ ಫೋಟೋ, ಪಕ್ಕದಲ್ಲಿ ಸ್ಕೇಲ್. ಆಮೇಲೆ ಕಿವಿರು. ಕೊನೆಗೆ ತಲೆಯನ್ನು ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಬಕೆಟ್ ನೀರಿನಲ್ಲಿ ಕೊಳೆಯಲು ಬಿಡುವುದು. ಉದುರಿದ ಬಿಲ್ಲೆ ಬಟ್ಟೆಯಲ್ಲೇ ಉಳಿಯುತ್ತದೆ. ನಾತದ ಬಗ್ಗೆ ಮನೆಯಲ್ಲಿ ಒಪ್ಪಂದವಾಗಿದೆ: ಬಕೆಟ್ ತೆಂಗಿನ ಬುಡದಲ್ಲಿ, ಊಟದ ಹೊತ್ತಿಗೆ ಮುಚ್ಚಳ ತೆಗೆಯಬಾರದು.

ಭುಜದ ಮುಳ್ಳುಗಳನ್ನು ಮಾತ್ರ ಬಂದರಿನಲ್ಲೇ ಕತ್ತರಿಸಿ ಬಿಟ್ಟು ಬರುತ್ತೇನೆ. ಅವಕ್ಕೆ ವಿಷವಿದೆ, ಎತ್ತಿ ನಿಂತರೆ ಬೀಗ ಹಾಕಿದಂತೆ ಮಡಚುವುದೇ ಇಲ್ಲ. ಏಳನೇ ತಲೆಯ ದಿನ ಹೆಬ್ಬೆರಳಿಗೆ ಚುಚ್ಚಿಸಿಕೊಂಡು ಒಂದು ಗಂಟೆ ಬಿಸಿನೀರಿನಲ್ಲಿ ಕೈ ಅದ್ದಿ ಕೂತಿದ್ದೆ.

ಲೆಕ್ಕ: ಮಿಲಿಟಾರಿಸ್ ಎರಡು, ಥಲಸ್ಸಿನಾ ಮೂರು, ಮ್ಯಾಕುಲೇಟಸ್ ಎರಡು, ಡಸ್ಸುಮಿಯೆರಿ ಒಂದು. ಈ ಎಂಟರಲ್ಲಿ ಕೊನೆಯದು, ಹನ್ನೊಂದನೇ ತಲೆ, ಇನ್ನೂ ಪಂಚೆಯಲ್ಲಿದೆ, ಫೋಟೋ ಮಾತ್ರ ಭದ್ರ. ಆಗಸ್ಟ್‌ನಲ್ಲಿ ಬೋಟು ಇಳಿದ ದಿನವೇ ಬರುತ್ತೇನೆ ಅಂತ ಅಕ್ಕನಿಗೆ ಹೇಳಿ ಬಂದಿದ್ದೇನೆ. "ಕಿವಿರು ಸಮೇತ" ಎಂದು ಅವರೇ ನೆನಪಿಸಿದರು.