‘ಮೆಕ್ಯಾನಿಕ್‌ಗೆ ಕೊಡೋದ್ ಬಿಟ್ಟು ಮನೇಲೇ ಯಾಕ್ ಬಿಚ್ಚಿಟ್ಕೊಂಡಿದೀರ?’

ನಮ್ಮನೆ ಪೋರ್ಟಿಕೋದಲ್ಲಿ ಒಂದು ಆರ್‌ಡಿ 350 ಅನ್ನೋ ಹಳೇ ಬೈಕ್ ನಿಂತಿದೆ. ಗೇಟ್ ಮುಂದೆ ವಾಕಿಂಗ್ ಹೋಗೋರು, ಗ್ಯಾಸ್ ತರೋ ಹುಡುಗ, ಮೇಲಿನ ಮನೆ ಅಂಕಲ್, ಎಲ್ಲರೂ ಒಂದ್ಸಲ ನಿಂತು ನೋಡ್ತಾರೆ. ಮೊದಲನೇ ಪ್ರಶ್ನೆ ಮಾಮೂಲಿ, ‘ಎಷ್ಟ್ ಕೊಡುತ್ತೆ?’ ಲೀಟರ್‌ಗೆ ಇಪ್ಪತ್ತು, ಮನಸ್ಸು ಚೆನ್ನಾಗಿದ್ರೆ ಇಪ್ಪತ್ತೈದು, ಅಷ್ಟೇ, ಅದು ಅಲ್ಲಿಗೆ ಮುಗೀತು. ಎರಡನೇದಕ್ಕೆ ಮಾತ್ರ ಗೇಟ್ ಹತ್ರ ನಿಂತು ಉತ್ತರ ಹೇಳಕ್ಕಾಗಲ್ಲ. ‘ಸಾರ್, ಇಷ್ಟೊಂದ್ ಜನ ಮೆಕ್ಯಾನಿಕ್‌ಗಳಿದಾರೆ, ಯಾರಿಗಾದ್ರೂ ಕೊಡೋದ್ ಬಿಟ್ಟು ಮನೇಲೇ ಯಾಕ್ ಬಿಚ್ಚಿಟ್ಕೊಂಡಿದೀರ?’ ಪ್ರತಿ ಸಲ ನಕ್ಕು ‘ಸುಮ್ನೆ ಹಾಬಿ’ ಅಂತ ಹೇಳಿ ಕಳಿಸ್ತೀನಿ. ಅದು ಸುಳ್ಳು. ನಿಜವಾದ ಉತ್ತರ ಇಲ್ಲಿ ಬರೀತೀನಿ.

ಗೊತ್ತಿಲ್ದೇ ಇರೋರಿಗೆ ಗಾಡಿ ಬಗ್ಗೆ ಒಂದೆರಡು ಮಾತು. ಯಮಹಾದವರು ಜಪಾನಲ್ಲಿ ಎಪ್ಪತ್ತರ ದಶಕದಲ್ಲಿ ಮಾಡಿದ್ದ ಆರ್‌ಡಿ 350ನ ನಮ್ಮಲ್ಲಿ ಎಸ್ಕಾರ್ಟ್ಸ್‌ನವರು 1983ರಿಂದ 1989ರವರೆಗೆ ರಾಜದೂತ್ 350 ಅಂತ ಮಾಡಿ ಮಾರಿದ್ರು. 347 ಸಿಸಿ ಟೂ ಸ್ಟ್ರೋಕ್ ಎಂಜಿನ್, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಆರು ಗೇರ್. ಮೊದಲು ಬಂದಿದ್ದು ಎಚ್‌ಟಿ, ಅಂದ್ರೆ ಹೈ ಟಾರ್ಕ್, ಅದು ಮೂವತ್ತೂವರೆ ಬಿಎಚ್‌ಪಿ. ಆಮೇಲೆ ಮೈಲೇಜ್ ಮೈಲೇಜ್ ಅಂತ ಜನ ಬಡ್ಕೊಂಡಿದ್ದಕ್ಕೆ ಅದನ್ನೇ ಸ್ವಲ್ಪ ಕಟ್ಟಿಹಾಕಿ ಇಪ್ಪತ್ತೇಳು ಬಿಎಚ್‌ಪಿಗೆ ಇಳಿಸಿ ಎಲ್‌ಟಿ, ಅಂದ್ರೆ ಲೋ ಟಾರ್ಕ್, ಬಿಟ್ರು. ಆವಾಗಿನ ರೋಡಲ್ಲಿ ಬುಲೆಟ್ಟು, ಯೆಜ್ಡಿ ಬಿಟ್ರೆ ಬೇರೇನಿತ್ತು ಹೇಳಿ, ಅದರ ಮಧ್ಯೆ ಇದು ಬಂದಾಗ ಜನಕ್ಕೆ ಏನನ್ಸಿರ್ಬೇಕು. ಜಪಾನಿನದಕ್ಕೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ದಕ್ಕೆ ಡ್ರಮ್ ಹಾಕ್ಬಿಟ್ರು. ಓಡೋದು ಕುದುರೆ ಥರ, ನಿಲ್ಲೋದು ಎತ್ತಿನಗಾಡಿ ಥರ ಅಂತ ನಮ್ಮ ಚಿಕ್ಕಪ್ಪ ಹೇಳ್ತಿದ್ರು. ನಂದು ಎಲ್‌ಟಿ. ಸಕಲೇಶಪುರದ ಕಡೆ ಒಂದು ಎಸ್ಟೇಟ್‌ನ ಶೆಡ್‌ನಲ್ಲಿ ಕಾಫಿ ಮೂಟೆ ಪಕ್ಕ ವರ್ಷಗಟ್ಲೆ ನಿಂತಿದ್ದನ್ನ ತಂದಿದ್ದು. ಪೇಪರ್ ಕ್ಲಿಯರ್ ಇತ್ತು, ಎಂಜಿನ್ ತಿರುಗ್ತಿತ್ತು, ಅಷ್ಟು ಸಾಕಾಯ್ತು ನಂಗೆ.

ತಂದ ಮೇಲೆ ನಾನೂ ಎಲ್ಲರ ಥರಾನೇ ಒಬ್ರು ಮೆಕ್ಯಾನಿಕ್ ಹತ್ರಾನೇ ಬಿಟ್ಟೆ. ಹೆಸರು ಹೇಳಲ್ಲ, ಒಳ್ಳೇ ಕೈ, ಟೂ ಸ್ಟ್ರೋಕ್ ಅಂದ್ರೆ ಪ್ರಾಣ ಬಿಡೋರು. ಬೋರ್ ಮಾಡ್ಸಿ, ಅಂದ್ರೆ ಸಿಲಿಂಡರನ್ನ ಒಳಗಡೆ ಕೊರೆಸಿ ಸ್ವಲ್ಪ ದೊಡ್ಡದು ಮಾಡ್ಸಿ, ಹೊಸ ಪಿಸ್ಟನ್ ಹಾಕಿ ಕೊಟ್ರು. ಆರ್‌ಡಿ ಪಿಸ್ಟನ್ 64 ಮಿಲಿಮೀಟರ್, ಅಲ್ಲಿಂದ ಕಾಲು ಕಾಲು ಮಿಲಿಮೀಟರ್ ದೊಡ್ಡದು ಮಾಡ್ಕೊಂಡು 65ರವರೆಗೆ ಹೋಗ್ಬಹುದು, ಅಂದ್ರೆ ಆ ಸಿಲಿಂಡರ್‌ಗೆ ಇರೋದು ನಾಲ್ಕೇ ಆಯಸ್ಸು. ಒಂದು ಖರ್ಚಾಯ್ತು. ಗಾಡಿ ಬೆಣ್ಣೆ ಥರ ಓಡ್ತು, ಸರಿಯಾಗಿ ಮೂರು ವಾರ. ಹುಣಸೂರು ರೋಡಲ್ಲಿ ಬಿಳಿಕೆರೆ ಹತ್ರ, ಐದನೇ ಗೇರ್, ಏನ್ ಎಳೀತಿದೆ ಅಂತೀರ, ಯಾವತ್ತೂ ಹಂಗೆ ಎಳೆದಿರ್ಲಿಲ್ಲ, ಖುಷೀಲಿ ಇನ್ನೊಂಚೂರು ಕೊಟ್ಟೆ, ಅಷ್ಟೇ, ‘ಕೀಂಯ್’ ಅಂತ ಒಂದು ಸದ್ದು, ಹಿಂದಿನ ಚಕ್ರ ಲಾಕ್. ಬೆರಳು ಕ್ಲಚ್ ಮೇಲೇ ಇದ್ದಿದ್ದಕ್ಕೆ ಇವತ್ತು ಇದನ್ನ ಬರೀತಿದೀನಿ. ಆಮೇಲೆ ಗೊತ್ತಾಗಿದ್ದು, ಟೂ ಸ್ಟ್ರೋಕ್ ಗಾಡಿ ಇದ್ದಕ್ಕಿದ್ದಂಗೆ ತುಂಬಾ ಚೆನ್ನಾಗಿ ಎಳೆಯೋಕೆ ಶುರು ಮಾಡಿದ್ರೆ ಖುಷಿ ಪಡಬಾರ್ದು, ಭಯ ಪಡ್ಬೇಕು. ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆದಾಗ್ಲೂ ಸ್ವಲ್ಪ ಹೊತ್ತು ಹಂಗೇ ಓಡುತ್ತೆ, ಆಮೇಲೆ ಪಿಸ್ಟನ್ ಕಾದು ಉಬ್ಬಿ ಸಿಲಿಂಡರ್‌ಗೆ ಕಚ್ಕೊಳ್ಳುತ್ತೆ. ಸೀಜ್ ಅನ್ನೋದು ಅದಕ್ಕೇನೇ.

ಎಡಗಡೆ ಸಿಲಿಂಡರ್ ಸೀಜ್ ಆಗಿತ್ತು. ಮತ್ತೆ ಬೋರ್, ಮತ್ತೆ ಪಿಸ್ಟನ್. ‘ಆಯಿಲ್ ಕಮ್ಮಿ ಹೋಗಿದೆ ಸಾರ್, ಪಂಪ್ ಜಾಸ್ತಿ ಮಾಡಿದೀನಿ’ ಅಂದ್ರು. ಎರಡು ತಿಂಗಳಿಗೆ ಶ್ರೀರಂಗಪಟ್ಟಣದ ಹತ್ರ ಮತ್ತೆ ಅದೇ ಎಡಗಡೇದು. ಈ ಸಲ ಮೆತ್ತಗೆ ಕಚ್ಕೊಂಡು ಬಿಡ್ತು, ಲಾಕ್ ಆಗ್ಲಿಲ್ಲ, ಆದ್ರೆ ನಾನು ಒಳಗೇ ಸುಸ್ತಾಗಿದ್ದೆ. ಮತ್ತೆ ಹೋದ್ರೆ ‘ಮೂರನೇ ಬೋರ್ ಮಾಡ್ಸಣ ಸಾರ್’ ಅಂತಾರೆ, ನಾಲ್ಕು ಆಯಸ್ಸಲ್ಲಿ ಮೂರು ಮೂರೇ ತಿಂಗಳಲ್ಲಿ ಖಾಲಿ.

ಅವತ್ತು ಅಮ್ಮ ಅಡಿಗೆಮನೆಯಿಂದ ಒಂದು ಮಾತು ಅಂದ್ರು, ಕುಕ್ಕರ್ ಗ್ಯಾಸ್ಕೆಟ್ ಹೋಗಿ ಅವರೂ ತಲೆ ಕೆಟ್ಟಿದ್ರು ಅನ್ಸುತ್ತೆ. ‘ಗ್ಯಾಸ್ಕೆಟ್ ಹೋಗಿರೋ ಕುಕ್ಕರ್‌ಗೆ ಅಕ್ಕಿ ಬದಲಾಯ್ಸಿದ್ರೆ ಅನ್ನ ಬೇಯುತ್ತೇನೋ?’ ಅಮ್ಮಂಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ, ಆದ್ರೆ ಸರಿಯಾದ ಜಾಗಕ್ಕೇ ಹೊಡೆದ್ರು.

ಯಾಕಂದ್ರೆ ಟೂ ಸ್ಟ್ರೋಕ್ ಎಂಜಿನ್ ನಿಜವಾಗ್ಲೂ ಒಂದು ಗಾಳಿ ಪಂಪು. ಫೋರ್ ಸ್ಟ್ರೋಕಲ್ಲಿ ಪಿಸ್ಟನ್ ಕೆಳಗಿರೋ ಜಾಗದಲ್ಲಿ ಬರೀ ಆಯಿಲ್ ಇರುತ್ತೆ. ಟೂ ಸ್ಟ್ರೋಕಲ್ಲಿ ಆ ಕೆಳಗಿನ ಕೋಣೆಗೇ ಪೆಟ್ರೋಲು ಗಾಳಿ ಮೊದಲು ಬರೋದು, ಪಿಸ್ಟನ್ ಕೆಳಗಿಳೀತಾ ಅದನ್ನ ಒತ್ತಿ ಪಕ್ಕದ ದಾರೀಲಿ ಮೇಲಕ್ಕೆ ಕಳಿಸುತ್ತೆ. ಹಂಗಾಗಿ ಆ ಕೋಣೆ ಒಂಚೂರೂ ಲೀಕ್ ಇಲ್ದೇ ಇರ್ಬೇಕು. ಪಿಸ್ಟನ್ ಓಡಾಟಕ್ಕೆ ತಿರುಗೋ ದಂಡ ಕ್ರ್ಯಾಂಕ್, ಅದರ ಎರಡೂ ತುದೀಲಿ ಎರಡು ರಬ್ಬರ್ ಸೀಲ್ ಇರುತ್ತೆ. ಆರ್‌ಡಿಯಲ್ಲಿ ಬಲಗಡೆ ಸೀಲ್ ಹೋದ್ರೆ ಕ್ಲಚ್ ಕಡೆಯ ಗೇರ್ ಆಯಿಲ್ ಒಳಗೆ ಎಳ್ಕೊಂಡು ಬೆಳ್ಳಗೆ ಹೊಗೆ ಬಿಡುತ್ತೆ, ಇಡೀ ರಸ್ತೆಗೇ ಗೊತ್ತಾಗುತ್ತೆ. ಎಡಗಡೇದು ಹೋದ್ರೆ ಅಲ್ಲಿ ಆಯಿಲ್ ಇಲ್ಲ, ಬರೀ ಗಾಳಿ ಎಳ್ಕೊಳುತ್ತೆ. ಹೊಗೆ ಇಲ್ಲ, ಸದ್ದು ಇಲ್ಲ, ಯಾರ್ಗೂ ಗೊತ್ತಾಗಲ್ಲ. ಸೀಜ್ ಮಾತ್ರ ಆಗ್ತಾನೇ ಇರುತ್ತೆ.

ಇದನ್ನ ನಂಗೆ ಬಿಡಿಸಿ ಹೇಳಿದ್ದು ನಮ್ಮ ಬೀದೀಲಿರೋ ಒಬ್ರು ಹಿರಿಯರು. ಮೈಸೂರಲ್ಲಿ ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತಲ್ಲ, 1996ರಲ್ಲಿ ಮುಚ್ತು, ಅಲ್ಲಿ ಕೆಲಸ ಮಾಡಿದೋರು. ಈ ಊರಿನ ಭಾಗ್ಯ ಅದು, ಯಾವ ಬೀದೀಲಿ ಕೇಳಿದ್ರೂ ಜಾವಾ ಯೆಜ್ಡಿ ಜೋಡಿಸಿರೋ ಕೈ ಒಂದು ಸಿಗುತ್ತೆ. ಗಾಡಿ ಸ್ಟಾರ್ಟ್ ಮಾಡ್ಸಿ, ರೈಸ್ ಮಾಡ್ಸಿ, ‘ಬಿಡು’ ಅಂದ್ರು. ಬಿಟ್ಟೆ. ಆರ್‌ಪಿಎಂ ತಕ್ಷಣ ಇಳೀಲಿಲ್ಲ, ಯೋಚನೆ ಮಾಡ್ಕೊಂಡು ಇಳೀತು. ‘ಎಲ್ಲೋ ಗಾಳಿ ಕುಡೀತಿದೆ ಕಣಪ್ಪ, ಅದನ್ನ ಹುಡುಕ್ದೆ ಪಿಸ್ಟನ್ ತರ್ಬೇಡ’ ಅಂತ ಹೇಳಿ ಕಾಫಿ ಕುಡಿದು ಹೋದ್ರು.

ಹುಡುಕೋದು ಹೆಂಗೆ? ಎಂಜಿನ್‌ಗೆ ಗಾಳಿ ತುಂಬಿ ನಿಲ್ಲುತ್ತಾ ಅಂತ ನೋಡ್ಬೇಕು. ಆರು ಪಿಎಸ್‌ಐ ಸಾಕು, ಜಾಸ್ತಿ ಕೊಟ್ರೆ ಇರೋ ಸೀಲೂ ಹಾಳು. ಟೈರ್ ಗೇಜಲ್ಲಿ ಆರು ಅನ್ನೋದು ಸರಿಯಾಗಿ ಕಾಣೋದೇ ಇಲ್ಲ. ಇಷ್ಟು ಕಮ್ಮಿ ಪ್ರೆಶರ್ ಅಳೆಯೋದು ಮನೇಲಿ ಯಾವುದಿದೆ ಅಂತ ಯೋಚಿಸ್ತಾ ಕೂತಿದ್ದಾಗ ಅಮ್ಮ ಬಿಪಿ ನೋಡ್ಕೊತಿದ್ರು. ಹಳೇ ಥರದ್ದು, ರಬ್ಬರ್ ಬುಡ್ಡೆ ಒತ್ತೋದು, ಮುಳ್ಳು ತಿರುಗೋ ಮೀಟರ್, 300ರವರೆಗೆ ಇದೆ. ಲೆಕ್ಕ ಹಾಕ್ದೆ, 300 ಅಂದ್ರೆ ಐದು ಪಾಯಿಂಟ್ ಎಂಟು ಪಿಎಸ್‌ಐ. ಅಯ್ಯೋ ದೇವ್ರೇ ಅನ್ನಿಸ್ತು.

ಆವತ್ತಿನ ಭಾನುವಾರ ಹೇಳ್ತೀನಿ ಕೇಳಿ. ಸೈಲೆನ್ಸರ್ ಎರಡೂ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಲಾರಿ ಟ್ಯೂಬ್ ರಬ್ಬರ್ ಕತ್ತರಿಸಿಟ್ಟು ಮೇಲೆ ದಪ್ಪ ತಗಡು ಕೊಟ್ಟು ಟೈಟ್ ಮಾಡಿದೆ. ಕಾರ್ಬುರೇಟರ್ ಎರಡೂ ತೆಗೆದು ಬಲಗಡೆ ಬಾಯಿಗೆ ಮರದ ಬಿರಡೆ ಹಾಕಿ ಕ್ಲಿಪ್ ಬಿಗಿದೆ, ಎಡಗಡೆ ಬಿರಡೆಗೆ ತೂತು ಕೊರೆದು ಬಿಪಿ ಮಷೀನಿನ ಪೈಪ್ ತೂರಿಸಿದೆ. ಬುಡ್ಡೆ ಒತ್ತಿದೆ, ಒತ್ತಿದೆ, ಕೈ ನೋವು ಬರೋವರೆಗೆ ಒತ್ತಿದೆ, ಮುಳ್ಳು 280ಕ್ಕೆ ಹೋಯ್ತು. ಒಳ್ಳೇ ಎಂಜಿನ್ ಆದ್ರೆ ಆರು ನಿಮಿಷ ಬಿಟ್ರೂ ಹೆಚ್ಚೇನೂ ಇಳೀಬಾರ್ದು. ನಂದು ಒಂದು ನಿಮಿಷ ಆಗೋ ಅಷ್ಟ್ರಲ್ಲಿ ನೂರರ ಕೆಳಗಿತ್ತು.

ಒಂದು ಲೋಟ ನೀರಿಗೆ ಶಾಂಪೂ ಸ್ಯಾಶೆ ಕಲ್ಸಿ ಬ್ರಷ್‌ನಲ್ಲಿ ಹಚ್ಚುತ್ತಾ ಬಂದೆ. ಹೆಡ್ಡು, ಬೇಸ್ ಗ್ಯಾಸ್ಕೆಟ್ಟು, ಕಾರ್ಬುರೇಟರ್ ಕೂರೋ ರಬ್ಬರ್ರು, ಎಲ್ಲೂ ಏನಿಲ್ಲ. ಎಡಗಡೆ ಕವರ್ ತೆಗೆದು ಮ್ಯಾಗ್ನೆಟ್ ಎಳೆದು ಹಾಕಿ (ಅದರ ಸ್ಕ್ರೂ ಕಥೆ ಬೇರೆ, ಅದಕ್ಕೆ ಬರ್ತೀನಿ) ಕ್ರ್ಯಾಂಕ್ ಸುತ್ತ ಹಚ್ಚಿ ಬುಡ್ಡೆ ಒತ್ತಿದ್ರೆ ಅಲ್ಲಿ, ಶಾಫ್ಟ್ ಕೆಳಭಾಗದಲ್ಲಿ, ಒಂದು ಗುಳ್ಳೆ. ಅದು ಉಬ್ಬಿ ಒಡೀತು, ಹಿಂದೆನೇ ಇನ್ನೊಂದು, ಹಿಂದೆ ಹತ್ತು, ಹಾಲು ಉಕ್ಕೋ ಹಂಗೆ ನೊರೆ. ಕೂಗ್ಬಿಟ್ಟೆ. ಅಮ್ಮ ಗಾಬರಿಯಾಗಿ ಓಡಿ ಬಂದು ನೋಡಿದ್ರೆ ಅವರ ಬಿಪಿ ಮಷೀನ್ ಎಂಜಿನ್ನಿಗೆ ಸಿಗಾಕೊಂಡಿದೆ. ಆಮೇಲೆ ನಡೆದಿದ್ದು ಇಲ್ಲಿ ಬೇಡ.

ಎರಡು ಸಲ ಬೋರ್, ನಾಲ್ಕು ಪಿಸ್ಟನ್, ಲೇಬರ್, ಎರಡು ಸಲ ಟೆಂಪೋ ಬಾಡಿಗೆ. ತಪ್ಪು ಇದ್ದಿದ್ದು ಕೆಲವೇ ನೂರು ರೂಪಾಯಿ ಸೀಲಲ್ಲಿ.

ಈಗ ಪ್ರಶ್ನೆಗೆ ಬರಣ. ಆ ಮೆಕ್ಯಾನಿಕ್‌ಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿರುತ್ತೆ ಕಣ್ರೀ, ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಆದ್ರೆ ಆ ಸೀಲ್ ಸರಿಯಾಗಿ ಹಾಕ್ಬೇಕು ಅಂದ್ರೆ ಎಂಜಿನ್ ಫ್ರೇಮಿಂದ ಇಳಿಸಿ ಕೇಸ್ ಬಿಚ್ಚಬೇಕು. ಗ್ಯಾರೇಜಲ್ಲಿ ದಿನಕ್ಕೆ ಹತ್ತು ಆಕ್ಟಿವಾ ಬಂದು ನಿಂತಿರುತ್ತೆ, ಅವರು ಅದರಲ್ಲಿ ಬದುಕ್ಬೇಕು, ಒಂದು ಗುಳ್ಳೆ ಹುಡುಕಕ್ಕೆ ಒಂದು ಭಾನುವಾರ ಕೂರಕ್ಕಾಗುತ್ತಾ? ಕೂತ್ರೆ ಆ ದುಡ್ಡು ನಾನು ಕೊಡ್ತಿದ್ನಾ? ‘ಗುಳ್ಳೆ ಹುಡುಕಿದ್ದಕ್ಕೆ ಎರಡು ಸಾವಿರ’ ಅಂತ ಬಿಲ್ ಕೊಟ್ಟಿದ್ರೆ ನಾನೇ ಜಗಳ ಆಡ್ತಿದ್ದೆ. ಬೋರ್ ಮಾಡಿದ್ದಕ್ಕೆ ದುಡ್ಡು ಕೊಡ್ತೀವಿ, ಯಾಕಂದ್ರೆ ಕೈಗೆ ಹಳೇ ಪಿಸ್ಟನ್ ಕೊಡ್ತಾರೆ, ಕಣ್ಣಿಗೆ ಕಾಣುತ್ತೆ. ನಾನು ಮನೇಲಿ ಬಿಚ್ಚಿಟ್ಕೊಂಡಿರೋದು ಕೈಚಳಕ ಜಾಸ್ತಿ ಅಂತ ಅಲ್ಲ, ನನ್ನ ಟೈಮ್‌ಗೆ ಯಾರೂ ದುಡ್ಡು ಕೊಡಲ್ಲ ಅಂತ.

ಹಂಗಂತ ಎಲ್ಲಾ ಮನೇಲೇ ಆಯ್ತು ಅಂದ್ಕೊಬೇಡಿ. ಸ್ಕ್ರೂ ಕಥೆ ಹೇಳ್ತೀನಂದೆ. ಜಪಾನ್ ಗಾಡಿ ಸ್ಕ್ರೂ ತಲೆ ನಮ್ಮ ಮಾಮೂಲಿ ಸ್ಟಾರ್ ಥರಾನೇ ಕಾಣುತ್ತೆ, ಆದ್ರೆ ಅದಲ್ಲ, ಅದರ ಅಳತೆ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ತಲೆ ಬೋಳಾಗುತ್ತೆ. ನಾಲ್ಕು ಬೋಳಾದ ಮೇಲೆ ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ತಂದೆ, ಅದನ್ನ ಮೊದಲೇ ತರ್ಬೇಕಿತ್ತು. ಕ್ರ್ಯಾಂಕ್ ಬೆಂಡ್ ನೋಡ್ಸಿದ್ದು, ಮೂರನೇ ಬೋರ್ ಮಾಡ್ಸಿದ್ದು ಲೇತ್ ಅಂಗಡೀಲೇ. ಹೌದು ಮೂರನೇದು ತಪ್ಪಲಿಲ್ಲ, ಸಿಲಿಂಡರ್ ಗೋಡೆಗೆ ಅಂಟಿದ್ದ ಅಲ್ಯೂಮಿನಿಯಂನ ಆಸಿಡ್ ಅದ್ದಿದ ಹತ್ತೀಲಿ ಉಜ್ಜಿ ತೆಗೆದ್ರೂ ಕೆಳಗೆ ಗೆರೆ ಉಗುರಿಗೆ ಸಿಗ್ತಿತ್ತು. ಬೋರ್ ಮಾಡ್ಸಿದ್ಮೇಲೆ ಪೋರ್ಟ್ (ಸಿಲಿಂಡರ್ ಗೋಡೇಲಿ ಗಾಳಿ, ಹೊಗೆ ಓಡಾಡೋ ಕಿಂಡಿ) ಅಂಚುಗಳನ್ನ ಸಣ್ಣಗೆ ಉಜ್ಜಿ ಮೊಂಡ ಮಾಡ್ಬೇಕು, ಇಲ್ದಿದ್ರೆ ರಿಂಗ್ ಸಿಕ್ಕಾಕೊಂಡು ಮುರಿಯುತ್ತೆ. ಲೇತ್‌ನೋರು ಮಾಡಿರಲ್ಲ, ನೀವೇ ಕೇಳ್ಬೇಕು. ಸೀಲು, ಗ್ಯಾಸ್ಕೆಟ್ಟು ಬೆಂಗಳೂರು ಜೆಸಿ ರೋಡಲ್ಲಿ ಸಿಕ್ತು, ಎರಡು ಸಣ್ಣ ಬ್ರಾಕೆಟ್ ಶಿವಾಜಿನಗರದ ಗುಜರೀಲಿ.

ಟೈಮಿಂಗ್ ಮಾತ್ರ ಮನೇಲೇ ಮಾಡಿ, ಅದು ಮಜಾ ಇದೆ. ಎರಡು ಸಿಲಿಂಡರ್‌ಗೆ ಎರಡು ಪಾಯಿಂಟ್, ಅಂದ್ರೆ ಕಿಡಿ ಯಾವಾಗ ಅಂತ ಹೇಳೋ ಸಣ್ಣ ಸ್ವಿಚ್, ಪಿಸ್ಟನ್ ಮೇಲೆ ಮುಟ್ಟೋಕೆ ಎರಡು ಮಿಲಿಮೀಟರ್ ಇರೋವಾಗ ಕಿಡಿ ಬರ್ಬೇಕು. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ, ಪಾಯಿಂಟ್‌ಗೆ ಒಂದು ಬಲ್ಬ್ ಕಟ್ಟಿ, ರಾತ್ರಿ ಎಲ್ಲರೂ ಮಲಗಿದ್ಮೇಲೆ ಕೂತು ನಿಧಾನಕ್ಕೆ ಕ್ರ್ಯಾಂಕ್ ತಿರುಗಿಸ್ತಾ ಆ ಬಲ್ಬ್‌ನೇ ನೋಡೋದಿದ್ಯಲ್ಲ, ಅದಕ್ಕಿಂತ ಒಳ್ಳೇ ನಿದ್ದೆ ಮಾತ್ರೆ ಇಲ್ಲ.

ಜೋಡಿಸಿದ್ಮೇಲೆ ಮೊದಲು ಸ್ಟಾರ್ಟ್ ಮಾಡ್ಲಿಲ್ಲ. ಮೊದಲು ಬಿಪಿ ಮಷೀನ್. 280ಕ್ಕೆ ಏರಿಸಿ ಸ್ಟೂಲ್ ಮೇಲೆ ಕೂತೆ, ಆರು ನಿಮಿಷಕ್ಕೆ ಮುಳ್ಳು 270ರಲ್ಲಿತ್ತು. ಆಯಿಲ್ ಪಂಪ್ ಪೈಪಲ್ಲಿರೋ ಗಾಳಿ ತೆಗೆದೆ, ಹಂಗೂ ನಂಬಿಕೆ ಸಾಲ್ದೆ ಮೊದಲನೇ ಟ್ಯಾಂಕ್ ಪೆಟ್ರೋಲ್‌ಗೂ ಲೀಟರ್‌ಗೆ ಇಪ್ಪತ್ತು ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಕಲಿಸಿದೆ. ಹೊಗೆ ಬಂತು, ಮೇಲಿನ ಮನೆ ಆಂಟಿ ಒಣಗಾಕಿದ್ದ ಬಟ್ಟೆ ತೆಗೆದ್ರು, ತಪ್ಪಾಯ್ತು ಅಂದೆ. ಈ ಗಾಡಿ ಹೊಗೆ ಒಳ್ಳೇದು ಅಂತ ನಾನು ವಾದ ಮಾಡಲ್ಲ, ಅದಕ್ಕೇ ವಾರಕ್ಕೊಂದ್ಸಲ ಮಾತ್ರ ತೆಗೆಯೋದು.

ಇನ್ನೊಂದು, ಈಗ ಬಂಕಲ್ಲಿ ಸಿಗೋದು ಬಹುತೇಕ ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಜೊತೇಲೇ ಆಕ್ಸಿಜನ್ ಇರುತ್ತೆ, ಹಂಗಾಗಿ ಅದೇ ಜೆಟ್ಟಲ್ಲಿ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹೋಗೋ ಸಣ್ಣ ತೂತು) ಮಿಕ್ಸ್ಚರ್ ಇನ್ನೂ ತೆಳುವಾಗುತ್ತೆ, ಅಂದ್ರೆ ಸೀಲ್ ಲೀಕ್ ಆದಂಗೇನೇ ಸಣ್ಣ ಪ್ರಮಾಣದಲ್ಲಿ. ನಾನು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೀನಿ. ಜೋರಾಗಿ ಒಂದು ರೌಂಡ್ ಓಡಿಸಿ ಅಲ್ಲೇ ಆಫ್ ಮಾಡಿ ಪ್ಲಗ್ ತೆಗೆದು ನೋಡಿ, ಕಾಫಿಪುಡಿ ಬಣ್ಣ ಇದ್ರೆ ಮನೆಗೆ ಹೋಗಿ, ಸುಣ್ಣದ ಬಣ್ಣ ಇದ್ರೆ ಅಲ್ಲಿಂದ ತಳ್ಕೊಂಡು ಬನ್ನಿ.

ಇದನ್ನೆಲ್ಲ ಕೇಳಿದ್ಮೇಲೆ ಎಲ್ಲರೂ ಕೇಳೋದು ‘ನಮ್ದೂ ಒಂದು ಯಮಹಾ ಆರ್‌ಎಕ್ಸ್ ಇದೆ ಸಾರ್, ಮಾಡ್ಕೊಡ್ತೀರಾ?’ ಇಲ್ಲ ಸಾಮಿ, ಮಾಡ್ಕೊಡಲ್ಲ. ತಗಡು, ರಬ್ಬರ್, ಬಿರಡೆ ಎಲ್ಲ ಒಂದು ಡಬ್ಬೀಲಿ ಹಾಕಿಟ್ಟಿದೀನಿ, ಬಂದು ತಗೊಂಡ್ ಹೋಗಿ, ನಿಮ್ಮ ಗಾಡಿ ಅಳತೆಗೆ ಕತ್ತರಿಸ್ಕೊಳಿ. ಬಿಪಿ ಮಷೀನ್ ಮಾತ್ರ ನಿಮ್ಮಮ್ಮಂದೇ ಇಸ್ಕೊಳಿ, ನಮ್ಮಮ್ಮ ಅವರದನ್ನ ಬೀರುಲಿಟ್ಟು ಬೀಗ ಹಾಕಿದಾರೆ.